ಕಚೇರಿಯ ನುಡಿ, ಮನೆಯ ನುಡಿ: ನಿಜಾಮ ಸೀಮೆಯ ಉರ್ದು ಮತ್ತು ಹೊರದೇಶದ ಹಿಂದಿ

ತುಂಗಭದ್ರೆಯ ಎಡದಂಡೆಯ ಮುನಿರಾಬಾದ್ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದ ಅಂಚಿನ ಊರು. ಹೊಳೆ ದಾಟಿದರೆ ಹೊಸಪೇಟೆ, ಮದ್ರಾಸ್ ಪ್ರಾಂತ್ಯ. 1945ರ ಫೆಬ್ರವರಿ 28ರಂದು ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದೂ ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ: ಈಚೆ ನಿಜಾಮರ ಮಗ ಬೇರಾರ್ ರಾಜಕುಮಾರನಿಂದ, ಆಚೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಅವರಿಂದ. ಎರಡೂ ಕಡೆಯ ಜನ ಆಡುತ್ತಿದ್ದುದು ಕನ್ನಡ. ಸರ್ಕಾರ ಆಡುತ್ತಿದ್ದುದು ಈಚೆ ಉರ್ದು, ಆಚೆ ಇಂಗ್ಲಿಷ್. ಹಿಂದಿಯನ್ನು ಹೊರದೇಶಗಳಲ್ಲಿ ಬೆಳೆಸಲು ಭಾರತ ಸರ್ಕಾರ ನಡೆಸುತ್ತಿರುವ ಪ್ರಯತ್ನವನ್ನು ಈ ನೆಲದ ಅನುಭವದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಹೈದರಾಬಾದಿನಲ್ಲಿ 1880ರ ದಶಕದಲ್ಲಿ ಆಡಳಿತದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. ಸಂಸ್ಥಾನದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡ. ಆದರೂ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮವನ್ನೇ ಆರಿಸಿಕೊಂಡಿತು. ಅದಕ್ಕೆ ಪಠ್ಯ ಒದಗಿಸಲು ದಾರುಲ್ ತರ್ಜುಮಾ ಎಂಬ ಭಾಷಾಂತರ ಕಚೇರಿ ವೈದ್ಯ, ಕಾನೂನು, ವಿಜ್ಞಾನಗಳ ಪರಿಭಾಷೆಯನ್ನು ಬಹುಮಟ್ಟಿಗೆ ಅರಬ್ಬಿ, ಪಾರ್ಸಿ ಮೂಲಗಳಿಂದ ಟಂಕಿಸಿತು. ವಿಶ್ವವಿದ್ಯಾಲಯದ ಮಟ್ಟದಲ್ಲಿ ದೇಶಭಾಷೆಯೊಂದನ್ನು ಹೀಗೆ ದುಡಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಹೈದರಾಬಾದಿನ ದಿವಾನ ಮನೆತನವಾದ ಸಾಲಾರ್‌ಜಂಗರ ಜಾಗೀರಾಗಿದ್ದ ಕೊಪ್ಪಳದ ಕನ್ನಡ ಹುಡುಗನಿಗೆ ಅದು ದಾಟಬೇಕಾದ ಮತ್ತೊಂದು ಹೊಳೆ. ಕುಕನೂರಿನ ವಿದ್ಯಾನಂದ ಗುರುಕುಲ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್ದರ್ದ್ ಶಾಲೆಯಂಥವು ಹುಟ್ಟಿದ್ದು ಸರ್ಕಾರದ ಈ ವ್ಯವಸ್ಥೆಯ ಹೊರಗೆ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ಹೊರಳಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದಫ್ತರದ ಉರ್ದು ಹಾಗೆ ಹಿಂದೆ ಸರಿಯಿತು. ಗಂಗಾವತಿ, ಕೊಪ್ಪಳದ ಸಂತೆಯಲ್ಲಿ ಇವತ್ತಿಗೂ ಕಿವಿಗೆ ಬೀಳುವುದು ನಿಜಾಮ ಸರ್ಕಾರ ಕೈಹಿಡಿಯದ ದಖನಿ ಉರ್ದು: ಮನೆಯಲ್ಲಿ ಹುಟ್ಟಿ, ಕನ್ನಡದ ಮಗ್ಗುಲಲ್ಲಿ ಬೆಳೆದ ಮಾತು.

ಈಗ ಹಿಂದಿಗೆ ಬರೋಣ. ಸಂವಿಧಾನದ 351ನೆಯ ವಿಧಿ ಹಿಂದಿಯ ಪ್ರಸಾರವನ್ನು ಒಕ್ಕೂಟದ ಕರ್ತವ್ಯವಾಗಿಸಿದೆ; ಹೊರದೇಶಗಳ ಮಾತು ಅದರಲ್ಲಿಲ್ಲ. ಆ ಕೆಲಸ ವಿದೇಶಾಂಗ ಸಚಿವಾಲಯ ಮತ್ತು 1950ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಪಾಲಿಗೆ ಬಂತು. 1975ರ ಜನವರಿ 10ರಂದು ನಾಗಪುರದಲ್ಲಿ ಮೊದಲ ವಿಶ್ವ ಹಿಂದಿ ಸಮ್ಮೇಳನ ಆರಂಭವಾಯಿತು. ಉದ್ಘಾಟನೆ ಇಂದಿರಾ ಗಾಂಧಿಯವರದು. ಮುಖ್ಯ ಅತಿಥಿ ಮಾರಿಷಸ್ ಪ್ರಧಾನಿ ಶಿವಸಾಗರ ರಾಮಗುಲಾಮ್. 1977ರಲ್ಲಿ ವಿದೇಶಾಂಗ ಸಚಿವ ವಾಜಪೇಯಿ ವಿಶ್ವಸಂಸ್ಥೆಯಲ್ಲಿ ಹಿಂದಿಯಲ್ಲಿ ಮಾತಾಡಿದರು. 2008ರಲ್ಲಿ ಮಾರಿಷಸ್‌ನಲ್ಲಿ ವಿಶ್ವ ಹಿಂದಿ ಸಚಿವಾಲಯ ಕೆಲಸ ಆರಂಭಿಸಿತು. 2023ರ ಸಮ್ಮೇಳನ ಫಿಜಿಯಲ್ಲಿ ನಡೆಯಿತು. ಹಿಂದಿ ಇನ್ನೂ ವಿಶ್ವಸಂಸ್ಥೆಯ ಅಧಿಕೃತ ಭಾಷೆಯಾಗಿಲ್ಲ. ಬಹುಭಾಷಿಕತೆಯ ಬಗ್ಗೆ 2022ರಲ್ಲಿ ಅಲ್ಲಿ ಅಂಗೀಕಾರವಾದ ನಿರ್ಣಯದಲ್ಲಿ ಅದರ ಹೆಸರು ಬಂದಿದೆ. ಉರ್ದು, ಬಂಗಾಳಿಯ ಹೆಸರುಗಳೂ ಜೊತೆಗೇ ಇವೆ.

ಸರ್ಕಾರದ ಕೈವಾಡವಿಲ್ಲದೆ ಹಿಂದಿ ಗಡಿ ದಾಟಿದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆ ವಹಿಸಿಕೊಂಡ ಮೇಲೆ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಯಿತು. ಅದೇ ಕಾಲಕ್ಕೆ ರೇಡಿಯೊ ಸಿಲೋನ್ 'ಬಿನಾಕಾ ಗೀತಮಾಲಾ' ಆರಂಭಿಸಿತು. ಭಾರತದ ಕೇಳುಗರು ಹಿಂದಿ ಹಾಡಿಗಾಗಿ ಹೊರದೇಶದ ನಿಲಯಕ್ಕೆ ಮುಳ್ಳು ತಿರುಗಿಸಿದರು! ಸೋವಿಯತ್ ರಷ್ಯಾದಲ್ಲಿ ರಾಜ್ ಕಪೂರ್ ಮನೆಮಾತಾದದ್ದೂ ಯಾವ ಹಿಂದಿ ಪೀಠದಿಂದಲೂ ಅಲ್ಲ.

ಅದಕ್ಕಿಂತ ಮೊದಲೇ, 1834ರಿಂದ ಮಾರಿಷಸ್‌ಗೆ, 1873ರಿಂದ ಸುರಿನಾಮ್‌ಗೆ, 1879ರಿಂದ ಫಿಜಿಗೆ ಕರಾರಿನ ಕೂಲಿಗಳಾಗಿ ಹೋದವರು ಭೋಜಪುರಿ, ಅವಧಿ ಒಯ್ದಿದ್ದರು. ಅವರ ಮೊಮ್ಮಕ್ಕಳ ಬಾಯಲ್ಲಿ ಅದು ಸುರಿನಾಮ್‌ನ ಸರ್ನಾಮಿಯಾಯಿತು, ಫಿಜಿಯ 'ಫಿಜಿ ಬಾತ್' ಆಯಿತು. ಆದರೆ ದೆಹಲಿ ಕಳಿಸುವ ಪಠ್ಯದ್ದು ಸಂಸ್ಕೃತ ಬೆರೆತ ಖಡೀಬೋಲಿ, ಅಂದರೆ ಶಿಷ್ಟ ಹಿಂದಿ. ನಿಜಾಮ ಸರ್ಕಾರ ಗ್ರಾಂಥಿಕ ಉರ್ದುವನ್ನು ಎತ್ತಿ ಹಿಡಿದು ದಖನಿಯನ್ನು ಬದಿಗಿಟ್ಟದ್ದಕ್ಕೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ವ್ಯತ್ಯಾಸವೂ ಸಣ್ಣದಲ್ಲ: ನಿಜಾಮನ ಕೈಯಲ್ಲಿ ನೌಕರಿ, ನ್ಯಾಯಾಲಯಗಳಿದ್ದವು, ಹೊರದೇಶದಲ್ಲಿ ದೆಹಲಿಯ ಕೈಯಲ್ಲಿರುವುದು ಸ್ಕಾಲರ್‌ಶಿಪ್ಪು, ಪುಸ್ತಕ, ಸಮ್ಮೇಳನ ಮಾತ್ರ.

ಮಾರಿಷಸ್‌ನ ಜನಗಣತಿಯಲ್ಲಿ ಭೋಜಪುರಿಯನ್ನು ಮನೆಮಾತೆಂದು ಬರೆಸಿದವರು 2000ದಲ್ಲಿ ಸುಮಾರು ಶೇ. 12, 2011ರಲ್ಲಿ ಸುಮಾರು ಶೇ. 5. ಮನೆಯೊಳಗೆ ಅದರ ಜಾಗ ಹಿಡಿದದ್ದು ಹಿಂದಿಯಲ್ಲ, ಕ್ರಿಯೋಲ್. ಹಿಂದಿ ಸಚಿವಾಲಯ ಬಾಗಿಲು ತೆರೆದದ್ದು ಈ ಎರಡು ಗಣತಿಗಳ ನಡುವೆ. ಈ ಇಳಿತಕ್ಕೆ ಸಚಿವಾಲಯವೇ ಕಾರಣ ಎಂದರೆ ತಪ್ಪಾಗುತ್ತದೆ. ಅದು ಇಳಿತವನ್ನು ತಡೆಯಲಿಲ್ಲ ಎಂಬುದಂತೂ ನಿಜ. ಮಾರಿಷಸ್‌ನ ಭೋಜಪುರಿ 'ಗೀತ್ ಗವಾಯಿ' ಹಾಡುಗಳು 2016ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದವು. ಹೀಗಿದ್ದರೂ ಭಾರತದ ಜನಗಣತಿ ಭೋಜಪುರಿಯನ್ನು ಈಗಲೂ ಹಿಂದಿಯ ಲೆಕ್ಕಕ್ಕೇ ಸೇರಿಸುತ್ತದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿಲ್ಲ.