ಗೆಜ್ಜೆಯಿಂದ ಗುರುಪೀಠಕ್ಕೆ: ಮಾಯಾ ರಾವ್ ನಡೆದ ದಾರಿ

ವೇದಿಕೆಯಿಂದ ನಿವೃತ್ತರಾದ ಮೇಲೆ ಕಲಾವಿದರು ಬೋಧನೆಗೆ ತೊಡಗುವುದು ನೃತ್ಯಲೋಕದ ವಾಡಿಕೆ. ಕಥಕ್ ಕಲಾವಿದೆ ಮಾಯಾ ರಾವ್ ಅವರ ಬದುಕಿನಲ್ಲಿ ಈ ಕ್ರಮ ತಲೆಕೆಳಗಾಯಿತು. ಸಂಸಾರದ ಭಾರ ಹೊರುವ ಅನಿವಾರ್ಯತೆಯಿಂದ ಹದಿಹರೆಯದಲ್ಲೇ ಪಾಠ ಹೇಳಲು ಆರಂಭಿಸಿದ ಅವರು, ದೊಡ್ಡ ಗುರುಗಳಲ್ಲಿ ಕಲಿತದ್ದು ಆನಂತರ. ನೃತ್ಯ ಮಾಡುವುದನ್ನು ಮಾತ್ರವಲ್ಲ, ನೃತ್ಯವನ್ನು ಕಟ್ಟುವುದನ್ನೂ ಶಾಲೆಯಲ್ಲಿ ಕಲಿಸಬಹುದು ಎಂದು ಭಾರತದಲ್ಲಿ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು.

ಮಲ್ಲೇಶ್ವರದ ಮನೆ

ಮಾಯಾ ರಾವ್ ಜನಿಸಿದ್ದು 1928ರ ಮೇ 2ರಂದು, ಬೆಂಗಳೂರಿನ ಮಲ್ಲೇಶ್ವರದಲ್ಲಿ. ತಂದೆ ಹಟ್ಟಂಗಡಿ ಸಂಜೀವ ರಾವ್ ವಾಸ್ತುಶಿಲ್ಪಿ. ಸಂಪ್ರದಾಯಸ್ಥ ಸಾರಸ್ವತ ಕುಟುಂಬ. ನಗರಕ್ಕೆ ಬಂದಿದ್ದ ಉದಯಶಂಕರ್ ತಂಡದ ಪ್ರದರ್ಶನವನ್ನು ಕಂಡು ಮನಸೋತ ತಂದೆ, ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಲು ನಿರ್ಧರಿಸಿದರು. ಜೈಪುರ ಘರಾನೆಯ ಗುರು ಸೋಹನ್‌ಲಾಲ್ ಅವರಲ್ಲಿ ಪಾಠ ಆರಂಭವಾದಾಗ ಮಾಯಾ ಅವರಿಗೆ 12 ವರ್ಷ.

ಆ ಕಾಲದಲ್ಲಿ ಇದು ಸಣ್ಣ ನಿರ್ಧಾರವಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1909ರಲ್ಲಿ ದೇವಾಲಯಗಳ ದೇವದಾಸಿ ಸೇವೆಯನ್ನು ರದ್ದುಪಡಿಸಲಾಗಿತ್ತು. ನೃತ್ಯ ಕುರಿತ ಸಾಮಾಜಿಕ ಕಳಂಕದ ಭಾವನೆ ಮಾತ್ರ ಅಳಿದಿರಲಿಲ್ಲ. ‘ಮರ್ಯಾದಸ್ಥ’ ಮನೆತನದ ಹುಡುಗಿ ಗೆಜ್ಜೆ ಕಟ್ಟಿ ಸಾರ್ವಜನಿಕರ ಮುಂದೆ ನಿಲ್ಲುವುದನ್ನು ಒಪ್ಪದವರೇ ಹೆಚ್ಚು. ಜತೆಗೆ ಭರತನಾಟ್ಯದ ಮೈಸೂರು ಶೈಲಿ ನೆಲೆಯೂರಿದ್ದ ಈ ನೆಲದಲ್ಲಿ ಉತ್ತರದ ಕಥಕ್ ಅಪರಿಚಿತವೇ ಆಗಿತ್ತು.

ಕೆಲವೇ ವರ್ಷಗಳಲ್ಲಿ ಕುಟುಂಬ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. 17ರ ಹರೆಯದ ಮಾಯಾ ನೃತ್ಯ ತರಗತಿಗಳನ್ನು ಆರಂಭಿಸಿ ಮನೆಯ ಜವಾಬ್ದಾರಿ ಹೊತ್ತರು. ಓದನ್ನೂ ಬಿಡಲಿಲ್ಲ. ಸಮಾಜ ಯಾವ ಕಲೆಯನ್ನು ಸಂಶಯದಿಂದ ನೋಡುತ್ತಿತ್ತೋ ಅದೇ ಕಲೆ ಒಂದು ಸಂಸಾರವನ್ನು ಸಲಹಿತು.

ಎರಡು ಘರಾನೆ, ಒಂದು ದೇಹ

1955ರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ದೊರೆತು ಅವರು ದೆಹಲಿಯ ಭಾರತೀಯ ಕಲಾ ಕೇಂದ್ರ ಸೇರಿದರು. ಅಲ್ಲಿ ಗುರುವಾಗಿ ದೊರೆತವರು ಲಖನೌ ಘರಾನೆಯ ಶಂಭು ಮಹಾರಾಜ್.

ಜೈಪುರ ಘರಾನೆಯಲ್ಲಿ ಪಾದಗಳ ಚಲನೆ, ಲಯದ ಲೆಕ್ಕಾಚಾರ ಹಾಗೂ ವೇಗದ ಚಕ್ಕರ್‌ಗಳಿಗೆ ಒತ್ತು. ಲಖನೌ ಘರಾನೆಯಲ್ಲಿ ಅಭಿನಯ ಮತ್ತು ನಜೂಕಿಗೆ ಪ್ರಾಶಸ್ತ್ಯ. ಕುಳಿತಲ್ಲೇ ಠುಮ್ರಿಯ ಒಂದೇ ಸಾಲಿಗೆ ಹಲವು ಭಾವಗಳನ್ನು ತುಂಬುವುದರಲ್ಲಿ ಶಂಭು ಮಹಾರಾಜ್ ಹೆಸರಾದವರು. ಬೆಂಗಳೂರಿನಲ್ಲಿ ಜೈಪುರದ ಲಯ ಕಲಿತಿದ್ದ ಶಿಷ್ಯೆಗೆ ದೆಹಲಿಯಲ್ಲಿ ಲಖನೌ ಭಾವ ಒಲಿಯಿತು.

ಏಕವ್ಯಕ್ತಿಯಿಂದ ಸಮೂಹಕ್ಕೆ

ಕಥಕ್ ಮೂಲತಃ ಏಕವ್ಯಕ್ತಿ ಪ್ರದರ್ಶನ. 16 ಮಾತ್ರೆಗಳ ತೀನ್‌ತಾಲ್‌ನಲ್ಲಿ ಒಂದು ಬೋಲ್ ಅನ್ನು ಮೂರು ಸಲ ಹೇಳಿ ಸರಿಯಾಗಿ ‘ಸಮ್’ಗೆ ಬಂದು ನಿಲ್ಲುವ ತಿಹಾಯಿಯ ಸೊಗಸು, ನರ್ತಕಿ ಮತ್ತು ತಬಲಾ ವಾದಕರ ನಡುವಿನ ಸಂವಾದ. ಅದನ್ನೇ ಎಂಟು ಮಂದಿ ಒಟ್ಟಿಗೆ ಮಾಡಬೇಕಾದಾಗ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಎಲ್ಲರೂ ಒಂದೇ ಕಡೆ ಮುಖ ಮಾಡಬೇಕೆ? ಮೂರು ಆವೃತ್ತಿಗಳನ್ನು ಮೂರು ಗುಂಪುಗಳಿಗೆ ಹಂಚಬಹುದೆ? ಒಬ್ಬರು ನಿಶ್ಚಲವಾಗಿ ನಿಂತರೆ ಪ್ರೇಕ್ಷಕನ ಕಣ್ಣು ಎತ್ತ ಹರಿಯುತ್ತದೆ? ಬೆಳಕು, ಉಡುಪು, ಪ್ರವೇಶ, ನಿರ್ಗಮನಗಳನ್ನು ಯಾರು ನಿರ್ಧರಿಸಬೇಕು? ಈ ಪ್ರಶ್ನೆಗಳ ಶಾಸ್ತ್ರವೇ ನೃತ್ಯ ಸಂಯೋಜನೆ, ಅರ್ಥಾತ್ ಕೊರಿಯೋಗ್ರಫಿ.

ಇದರ ಕ್ರಮಬದ್ಧ ಅಧ್ಯಯನಕ್ಕಾಗಿ ಮಾಯಾ ರಾವ್ 1960ರಲ್ಲಿ ವಿದ್ಯಾರ್ಥಿವೇತನ ಪಡೆದು ಸೋವಿಯತ್ ಒಕ್ಕೂಟಕ್ಕೆ ತೆರಳಿದರು. ಸಂಯೋಜನೆಯೂ ಪಠ್ಯಕ್ರಮವಿರುವ ಒಂದು ವಿದ್ಯೆ ಎಂಬ ಅರಿವಿನೊಂದಿಗೆ ಮರಳಿದ ಅವರು, 1964ರಲ್ಲಿ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕೊರಿಯೋಗ್ರಫಿ ಸ್ಥಾಪಿಸಿದರು. ಮಂಗಳೂರು ಮೂಲದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬೆಂಬಲ ಈ ಪ್ರಯತ್ನಕ್ಕೆ ದೊರೆಯಿತು.

ಗುರು ಹೇಳಿಕೊಟ್ಟ ರಚನೆಯನ್ನು ಚಾಚೂ ತಪ್ಪದೆ ಒಪ್ಪಿಸುವುದೇ ಶಾಸ್ತ್ರೀಯ ಶಿಕ್ಷಣದ ಮುಖ್ಯ ಕ್ರಮವಾಗಿದ್ದ ದಿನಗಳವು. ಶಿಷ್ಯನೇ ಹೊಸದೊಂದನ್ನು ಕಟ್ಟಬೇಕು, ಅದಕ್ಕೆ ಬೇಕಾದ ಸಾಧನಗಳನ್ನು ಗುರು ಒದಗಿಸಬೇಕು ಎಂಬ ಇಲ್ಲಿನ ವಿಧಾನ ಹೊಸತಾಗಿತ್ತು.

ಯಕ್ಷಗಾನಕ್ಕೂ ತಲುಪಿದ ಪಾಠ

ಈ ವಿಧಾನದ ಪ್ರಯೋಜನ ಕಥಕ್‌ಗಷ್ಟೇ ಸೀಮಿತವಾಗಲಿಲ್ಲ. ಬಡಗುತಿಟ್ಟಿನ ಹೆಸರಾಂತ ಕಲಾವಿದ ಕೆರೆಮನೆ ಶಂಭು ಹೆಗಡೆ (1938–2009) ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತವರು. ಊರಿಗೆ ಮರಳಿ, ತಂದೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ್ದ ಇಡಗುಂಜಿ ಮೇಳವನ್ನು ಮುನ್ನಡೆಸಿದರು. 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದು ತಾವೂ ಗುರುವಾದರು.

ಮರಳಿ ತವರಿಗೆ

1987ರಲ್ಲಿ, ರಾಮಕೃಷ್ಣ ಹೆಗಡೆ ಅವರು ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರದ ಆಹ್ವಾನದ ಮೇರೆಗೆ ಮಾಯಾ ರಾವ್ ಸಂಸ್ಥೆಯೊಡನೆ ಬೆಂಗಳೂರಿಗೆ ಬಂದರು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆದರು. ಮಲ್ಲೇಶ್ವರದಲ್ಲಿ ನೆಲೆಗೊಂಡ ಸಂಸ್ಥೆಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ನೃತ್ಯ ಸಂಯೋಜನೆಯ ಪದವಿ ಶಿಕ್ಷಣ ಆರಂಭವಾಯಿತು. 1989ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದಿತು.

‘ತುಲಸೀ ಕೆ ರಾಮ್’, ‘ಹೊಯ್ಸಳ ವೈಭವ’, ಕುವೆಂಪು ಮಹಾಕಾವ್ಯವನ್ನು ಆಧರಿಸಿದ ‘ರಾಮಾಯಣ ದರ್ಶನಂ’ ಅವರ ಪ್ರಮುಖ ನೃತ್ಯರೂಪಕಗಳು. ಉತ್ತರದ ನೃತ್ಯ, ಕನ್ನಡದ ಕಾವ್ಯ, ರಷ್ಯಾದಲ್ಲಿ ಕಲಿತ ರಂಗವಿನ್ಯಾಸ: ಮೂರೂ ಒಂದೇ ಕಲಾವಿದೆಯಲ್ಲಿ ಸೇರಿದ್ದವು.

ಮಗಳು ಮಧು ನಟರಾಜ್ 1995ರಲ್ಲಿ ಸಮಕಾಲೀನ ನೃತ್ಯಕ್ಕಾಗಿ ಸ್ಟೆಮ್ ತಂಡವನ್ನು ಆರಂಭಿಸಿದರು. ತಾಯಿಯ ಕಥಕ್ ಅನ್ನು ನಕಲು ಮಾಡದೆ, ಅದರ ತಳಹದಿಯ ಮೇಲೆ ಹೊಸ ಚಲನೆಗಳನ್ನು ಹುಡುಕುವುದು ಆ ತಂಡದ ಹಾದಿ. ತಾಯಿ ಶಾಲೆಯಲ್ಲಿ ಕಲಿಸಿದ್ದೂ ಇದನ್ನೇ.

2014ರ ಸೆಪ್ಟೆಂಬರ್ 1ರಂದು, 86ನೇ ವಯಸ್ಸಿನಲ್ಲಿ ಮಾಯಾ ರಾವ್ ಬೆಂಗಳೂರಿನಲ್ಲಿ ನಿಧನರಾದರು.

ನೃತ್ಯ ಕಲಿತವರಿಗೆಲ್ಲ ವೇದಿಕೆ ದೊರೆಯುವುದಿಲ್ಲ. ಹಲವರು ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಇದು ಕಲೆಯ ಎರಡನೇ ದರ್ಜೆಯ ಕೆಲಸ ಎಂದು ಕೊರಗುವುದುಂಟು. ಹದಿನೇಳರ ಹುಡುಗಿಯೊಬ್ಬಳು ಹೊಟ್ಟೆಪಾಡಿಗಾಗಿ ಆರಂಭಿಸಿದ ಪಾಠ ಎಲ್ಲಿಯವರೆಗೆ ಸಾಗಿತು ಎಂಬುದನ್ನು ಅಂಥವರು ಒಮ್ಮೆ ನೆನೆಯಬಹುದು.