ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲಾಟ್: ಅವಧಿ ವಿಸ್ತರಿಸುವುದು ಯಾವಾಗ, ಹೇಗೆ?

ನಮ್ಮ ಗಡಿ ಊರುಗಳ ಮಕ್ಕಳು ಕೆಲವರು ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಫ್ಲಾಟ್ ಕೊಳ್ಳುತ್ತಾರೆ. ಎಷ್ಟೋ ಸಲ ಹಣದ ಒಂದು ಪಾಲು ಊರಿನಿಂದ ಹೋಗುತ್ತದೆ. ಕಾಗದಪತ್ರದಲ್ಲಿ 'ಲೀಸ್‌ಹೋಲ್ಡ್' ಎಂಬ ಮಾತು ಕಂಡಾಗ ಇಲ್ಲಿನ ಹಿರಿಯರಿಗೆ ಗೊಂದಲವಾಗುವುದು ಸಹಜ. ಬೆಂಗಳೂರಿನ ಕಡೆ ಮನೆಯನ್ನು ಲೀಸಿಗೆ ಹಾಕಿಕೊಳ್ಳುವುದೆಂದರೆ ಭೋಗ್ಯ. ಇಡುಗಂಟು ಕೊಟ್ಟು ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುತ್ತೇವೆ. ಇಂಗ್ಲೆಂಡಿನದು ಅದಲ್ಲ. ಸೊಲ್ಲಾಪುರದವರಿಗೆ ಪರಿಚಯವಿರುವ ಎಂಐಡಿಸಿಯ 95 ವರ್ಷದ ಪ್ಲಾಟು, ನವಿ ಮುಂಬೈಯಲ್ಲಿ ಸಿಡ್ಕೊ ಕೊಡುವ 60 ವರ್ಷದ ಜಾಗ, ಇವೇ ಅದಕ್ಕೆ ಹೆಚ್ಚು ಹತ್ತಿರ.

ಅಲ್ಲಿ ಫ್ಲಾಟ್ ಕೊಂಡವರು ಪೂರ್ತಿ ಬೆಲೆ ತೆತ್ತರೂ ಕೈಗೆ ಬರುವುದು 99, 125 ಅಥವಾ 999 ವರ್ಷಗಳ ಹಕ್ಕು ಮಾತ್ರ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್ ಎಂಬ ಮೂಲ ಮಾಲೀಕರದು. ಹಳೆಯ ಲೀಸ್‌ಗಳಲ್ಲಿ ಅವರಿಗೆ ವರ್ಷಕ್ಕಿಷ್ಟು ಗ್ರೌಂಡ್ ರೆಂಟ್, ಅಂದರೆ ನೆಲಬಾಡಿಗೆ, ಕಟ್ಟಬೇಕು. ಲೀಸ್ ಮೊದಲು ಬರೆದುಕೊಟ್ಟ ದಿನದಿಂದಲೇ ವರ್ಷಗಳ ಎಣಿಕೆ ನಡೆಯುತ್ತದೆ. ಫ್ಲಾಟ್ ಕೈ ಬದಲಾದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. 1985ರಲ್ಲಿ 125 ವರ್ಷಕ್ಕೆ ಕೊಟ್ಟ ಲೀಸ್ ಯಾರು ಕೊಂಡರೂ 2110ಕ್ಕೆ ಮುಗಿಯುತ್ತದೆ.

2110 ಬಹಳ ದೂರವಿದೆ, ಈಗಲೇ ಏಕೆ ಚಿಂತೆ ಎನ್ನಬಹುದು. ನೋಡಬೇಕಾದದ್ದು 80 ಎಂಬ ಸಂಖ್ಯೆಯನ್ನು. ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ, ವಿಸ್ತರಣೆಗೆ ಮಾಲೀಕರಿಗೆ ಕೊಡುವ ಪ್ರೀಮಿಯಂನಲ್ಲಿ ಮುಖ್ಯವಾಗಿ ಎರಡೇ ಅಂಶ: ಅವರಿಗೆ ತಪ್ಪುವ ನೆಲಬಾಡಿಗೆ, ಮತ್ತು ಫ್ಲಾಟ್ ಮರಳಿ ಸೇರುವುದು ತಡವಾಗುವುದರ ನಷ್ಟ. 80 ಅಥವಾ ಅದಕ್ಕಿಂತ ಕಡಿಮೆಯಾದರೆ 'ಮ್ಯಾರೇಜ್ ವ್ಯಾಲ್ಯೂ' ಕೂಡ ಸೇರುತ್ತದೆ. ಮದುವೆಗೆ ಇದಕ್ಕೆ ಸಂಬಂಧವಿಲ್ಲ; ಲೀಸ್ ಉದ್ದವಾದ್ದರಿಂದ ಒಟ್ಟಾರೆ ಏರುವ ಬೆಲೆಗೆ ಆ ಹೆಸರು. ಅದರಲ್ಲಿ ಅರ್ಧ ಮಾಲೀಕರಿಗೆ ಹೋಗುತ್ತದೆ.

ಲೆಕ್ಕ ತಿಳಿಯಲಿಕ್ಕಷ್ಟೇ ಕೆಲವು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ಫ್ಲಾಟಿನ ಬೆಲೆ ಈಗಿನ ಲೀಸ್‌ನಲ್ಲಿ 2,60,000 ಪೌಂಡ್, ಉದ್ದದ ಲೀಸ್‌ನಲ್ಲಿ 3,00,000 ಪೌಂಡ್, ಮಾಲೀಕರ ನಷ್ಟ 15,000 ಪೌಂಡ್. 40,000 ಏರಿಕೆಯಲ್ಲಿ 15,000 ಕಳೆದರೆ ಉಳಿಯುವ ಮ್ಯಾರೇಜ್ ವ್ಯಾಲ್ಯೂ 25,000, ಅದರ ಅರ್ಧ 12,500. ಹಾಗಾಗಿ ಪ್ರೀಮಿಯಂ 15,000 ಅಲ್ಲ, 27,500. ಗಡಿ ದಾಟಿದ್ದಕ್ಕೆ ತೆರುವ ದಂಡವೆಂದೇ ನಾವು ಇದನ್ನು ಕರೆಯುತ್ತೇವೆ. ಲೀಸ್ ಇನ್ನೂ ಗಿಡ್ಡವಾದರೆ ಸಾಲ ಕೊಡುವ ಬ್ಯಾಂಕುಗಳೂ ಹಿಂಜರಿಯುತ್ತವೆ, ಆಗ ಕೊಳ್ಳುವವರು ಸಿಗುವುದು ಕಷ್ಟ.

ವಿಸ್ತರಣೆ ಮಾಲೀಕರ ದಾಕ್ಷಿಣ್ಯವಲ್ಲ, ಕಾನೂನಿನ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1993ರ ಕಾಯ್ದೆ ಇದೆ (ಸ್ಕಾಟ್ಲೆಂಡಿನ ಪದ್ಧತಿ ಬೇರೆ). ಮೊದಲು 21 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದ ಲೀಸ್ ಆಗಿದ್ದರೆ, ಉಳಿದ ಅವಧಿಯ ಮೇಲೆ ಇನ್ನೂ 90 ವರ್ಷ ಕೇಳಬಹುದು. ಮೇಲಿನ 2110ರ ಲೀಸ್ 2200ರವರೆಗೆ ಹೋಗುತ್ತದೆ. ನೆಲಬಾಡಿಗೆ 'ಒಂದು ಕಾಳುಮೆಣಸಿಗೆ' ಇಳಿಯುತ್ತದೆ, ಅಂದರೆ ಏನೂ ಇಲ್ಲ. ಕಾಸರಗೋಡು, ವಯನಾಡಿನ ಸದಸ್ಯರು ಮೆಣಸನ್ನು ಇಷ್ಟು ಅಗ್ಗ ಮಾಡಿದ್ದಕ್ಕೆ ಬೇಸರಿಸಬಾರದು! ಹಿಂದೆ ಫ್ಲಾಟ್ ಎರಡು ವರ್ಷ ತಮ್ಮ ಹೆಸರಿನಲ್ಲಿದ್ದರೆ ಮಾತ್ರ ಈ ಹಕ್ಕು ಸಿಗುತ್ತಿತ್ತು. 2025ರ ಜನವರಿ 31ರಿಂದ ಆ ಷರತ್ತು ಇಲ್ಲ.

ಮೊದಲು ಈ ಕೆಲಸದ ಅನುಭವವಿರುವ ಸರ್ವೇಯರ್‌ರಿಂದ ಬೆಲೆ ಕಟ್ಟಿಸಬೇಕು. ಆಮೇಲೆ ಸಾಲಿಸಿಟರ್ ಮೂಲಕ ಸೆಕ್ಷನ್ 42ರ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟ ದಿನದ ಲೆಕ್ಕದಲ್ಲೇ ಬೆಲೆ ನಿಗದಿಯಾಗುತ್ತದೆ, ಆದ್ದರಿಂದ 80ರ ಗಡಿಗೆ ಒಂದು ದಿನ ಮೊದಲು ಕೊಟ್ಟರೂ ಕೊಟ್ಟ ಹಾಗೆಯೇ. ಅಷ್ಟು ಅಂಚಿಗೆ ಹೋಗದಿರುವುದು ಮೇಲು. ನೋಟಿಸ್‌ನಲ್ಲಿ ಲೋಪವಿದ್ದರೆ ತಿದ್ದಿ ಕೊಡಲು ಸಮಯವಿರುವುದಿಲ್ಲ. ಮಾಲೀಕರಿಗೆ ಉತ್ತರಿಸಲು ಕನಿಷ್ಠ ಎರಡು ತಿಂಗಳು ಕೊಡಬೇಕು. ಅವರ ಉತ್ತರ ಬಂದ ಮೇಲೆ ಎರಡು ತಿಂಗಳಲ್ಲಿ ಬೆಲೆ ಕುದುರದಿದ್ದರೆ, ಉತ್ತರದ ದಿನದಿಂದ ಆರು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಆ ಗಡುವು ತಪ್ಪಿದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೊಂದನ್ನು ಕೊಡಲು 12 ತಿಂಗಳು ಕಾಯಬೇಕು. ಅಷ್ಟರಲ್ಲಿ ಲೀಸ್ 80ಕ್ಕಿಂತ ಕೆಳಗಿಳಿಯಬಹುದು.

ತಮ್ಮ ಸಾಲಿಸಿಟರ್, ಸರ್ವೇಯರ್ ಶುಲ್ಕದ ಜೊತೆಗೆ ಮಾಲೀಕರ ಕಡೆಯ ನ್ಯಾಯವಾದ ಕಾನೂನು ಮತ್ತು ಮೌಲ್ಯಮಾಪನ ಖರ್ಚನ್ನೂ ಫ್ಲಾಟಿನವರೇ ಕೊಡಬೇಕು. ಸಾಲವಿದ್ದರೆ ಬ್ಯಾಂಕಿಗೂ ತಿಳಿಸಬೇಕು.

ಮಾಲೀಕರು 'ಕಾಯ್ದೆ ಗೀಯ್ದೆ ಯಾಕೆ, ನಾವೇ ಮಾಡಿಕೊಡುತ್ತೇವೆ' ಎಂದು ಪತ್ರ ಕಳಿಸುವುದುಂಟು. ಖರ್ಚು ಕಡಿಮೆ ಎನಿಸಿದರೂ ಇಂಥ ಪತ್ರಕ್ಕೆ ಸಹಿ ಹಾಕುವ ಮುನ್ನ ಕೊಡುವ ವರ್ಷ ಎಷ್ಟು, ಹಳೆಯ ಅವಧಿ ಮುಗಿಯುವವರೆಗೆ ನೆಲಬಾಡಿಗೆ ಉಳಿಯುತ್ತದೆಯೇ ಎಂದು ನೋಡಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯವಾಗಿ ಕಾಯ್ದೆಯ ದಾರಿಯೇ ಕ್ಷೇಮ.

2024ರ ಹೊಸ ಕಾಯ್ದೆಯಲ್ಲಿ 90ರ ಬದಲು 990 ವರ್ಷ ಸಿಗಬೇಕು, ಮ್ಯಾರೇಜ್ ವ್ಯಾಲ್ಯೂ ಹೋಗಬೇಕು ಎಂದಿದೆ. ಆದರೆ ಆ ಭಾಗಗಳು ನಾವು ಇದನ್ನು ಬರೆಯುವ ಹೊತ್ತಿಗೆ ಜಾರಿಯಾಗಿಲ್ಲ. ಈಗಾಗಲೇ 80ಕ್ಕಿಂತ ಕೆಳಗಿರುವವರು, ಮಾರುವ ಆತುರವಿಲ್ಲದಿದ್ದರೆ, ಕಾದು ನೋಡುವುದರಲ್ಲಿ ಅರ್ಥವಿದೆ. 81, 82ರಲ್ಲಿರುವವರು ಹೊಸ ಕಾಯ್ದೆಯನ್ನು ನೆಚ್ಚಿ ಗಡಿ ದಾಟಿಸುವುದು ಜೂಜು.

ಊರಿನಿಂದ ಹಣ ಕಳಿಸುವ ಹಿರಿಯರಿಗೆ: ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಪ್ಯಾನ್ ಕಡ್ಡಾಯ. ಫ್ಲಾಟ್ ಜಂಟಿ ಹೆಸರಿನಲ್ಲಿದ್ದರೆ ನೋಟಿಸ್ ಎಲ್ಲ ಹೆಸರಿನಲ್ಲೂ ಹೋಗಬೇಕು. ಅದಕ್ಕಾಗಿ ಇಲ್ಲಿಂದ ವಿಮಾನ ಹತ್ತಬೇಕಿಲ್ಲ. ಅಧಿಕಾರ ಕೊಟ್ಟರೆ ಸಾಲಿಸಿಟರ್ ಸಹಿ ಹಾಕಬಹುದು. ಅಲ್ಲಿನ ಸರ್ಕಾರದ ನೆರವಿನಿಂದ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನಲ್ಲಿ ಆರಂಭದ ಸಲಹೆ ಉಚಿತ. ಮುಂದಿನ ಸಲ ಮಕ್ಕಳೊಡನೆ ಮಾತಾಡುವಾಗ, ಲೀಸ್ ಪತ್ರ ತೆಗೆದು ಎಷ್ಟು ವರ್ಷ ಉಳಿದಿದೆ ಎಂದು ಓದಿ ಹೇಳಲು ಕೇಳಿ.