50 ವರ್ಷ ಮಣ್ಣೊಳಗಿದ್ದ ಕಾರು: ರಿಸ್ಟೋರ್ ಮಾಡ್ಬೇಕಿತ್ತಾ?

1/7
ಮೊದಲ ಫೋಟೋನ ಝೂಮ್ ಮಾಡಿ ನೋಡಿ. ಕೆಸರಿನ ಗುಡ್ಡೆ ಥರ ಕಾಣ್ತಿರೋದು 1957ರ ಪ್ಲಿಮತ್ ಬೆಲ್ವೆಡೇರ್. ಫ್ಯಾಕ್ಟರಿಯಿಂದ ಬಂದಾಗ ಬಂಗಾರ-ಬಿಳಿ ಎರಡು ಬಣ್ಣ, ಹಿಂದೆ ರೆಕ್ಕೆ ಹಾಗೆ ಎದ್ದ ಫಿನ್‌ಗಳು, ಎಲ್ಲಿ ನೋಡಿದ್ರೂ ಕ್ರೋಮ್. ರಸ್ತೆ ಮೇಲೆ ಓಡಿದ್ದು ಕೆಲವೇ ಮೈಲಿ. ಆಮೇಲೆ 50 ವರ್ಷ ನೆಲದೊಳಗೆ. ಹೊರಗೆ ತೆಗೆದ ದಿನದಿಂದ ಕಾರು ಹುಚ್ಚರೆಲ್ಲ ಕಿತ್ತಾಡ್ತಿರೋದು ಒಂದೇ ಪ್ರಶ್ನೆಗೆ: ಇದನ್ನ ರಿಸ್ಟೋರ್ ಮಾಡ್ಬೇಕಿತ್ತಾ, ಇಲ್ಲ ಹಾಗೇ ಬಿಟ್ಟಿದ್ದೇ ಸರೀನಾ?

ಹೋದ ವಾರ ಸ್ಟೋರಿಯಲ್ಲಿ ಪೋಲ್ ಹಾಕಿದಾಗ ಜಾಸ್ತಿ ಜನ ‘ರಿಸ್ಟೋರ್’ ಒತ್ತಿದ್ರಿ. ನನ್ನ ಓಟು ಆ ಕಡೆ ಇಲ್ಲ. ಯಾಕೆ ಅಂತ ಹೇಳೋಕೇ ಈ ಸೀರೀಸ್. ಉದ್ದ ಇದೆ, ಬಸ್ಸಲ್ಲಿ ಕೂತು ಓದಿ.

2/7
ಓಕ್ಲಹೋಮ ಅಮೆರಿಕದ ಒಂದು ರಾಜ್ಯ ಆಗಿದ್ದು 1907ರಲ್ಲಿ. 1957ಕ್ಕೆ ಸುವರ್ಣ ಮಹೋತ್ಸವ. ಅಲ್ಲಿನ ಟಲ್ಸಾ ಊರು ಆಗ ತೈಲದ ದುಡ್ಡಲ್ಲಿ ಮೆರೀತಿತ್ತು, ತನ್ನನ್ನ ತಾನೇ ‘ಜಗತ್ತಿನ ತೈಲ ರಾಜಧಾನಿ’ ಅಂತ ಕರ್ಕೊಳ್ತಿತ್ತು. ಹಬ್ಬಕ್ಕೆ ಏನಾದ್ರೂ ದೊಡ್ಡದು ಬೇಕಲ್ಲ? ಹೊಚ್ಚ ಹೊಸ ಕಾರನ್ನ ಹೂಳೋಣ, 50 ವರ್ಷ ಆದ್ಮೇಲೆ ಮೊಮ್ಮಕ್ಕಳು ತೆಗೀಲಿ ಅಂತ ತೀರ್ಮಾನ ಆಯ್ತು.

ಕಾರಿನ ಆಯ್ಕೆ ಸುಮ್ನೆ ಆಗಿದ್ದಲ್ಲ. ಕ್ರೈಸ್ಲರ್ ಕಂಪನಿಯ ಡಿಸೈನರ್ ವರ್ಜಿಲ್ ಎಕ್ಸ್‌ನರ್ ಆ ವರ್ಷ ತಂದ ಮಾಡೆಲ್‌ಗಳು ಉಳಿದ ಕಂಪನಿಗಳಿಗೆ ನಿದ್ದೆ ಕೆಡಿಸಿದ್ವು. ಪ್ಲಿಮತ್ ಜಾಹೀರಾತಂತೂ, ಇದ್ದಕ್ಕಿದ್ದ ಹಾಗೆ 1960 ಬಂದೇಬಿಡ್ತು ಅನ್ನೋ ಧಾಟೀಲಿತ್ತು. ತಮಾಷೆ ಏನಪ್ಪಾ ಅಂದ್ರೆ, ಅದೇ 1957ರ ಕ್ರೈಸ್ಲರ್ ಕಾರುಗಳು ಬೇಗ ತುಕ್ಕು ಹಿಡಿಯೋದಕ್ಕೂ ಹೆಸರುವಾಸಿ. ಮಳೆ-ಬಿಸಿಲಿಗೆ ನಿಂತ್ರೇ ಕೊಳೆಯೋ ಗಾಡಿನ ತಗೊಂಡ್ಹೋಗಿ ನೆಲದಲ್ಲಿ ಹೂತ್ರು.

1957ರ ಜೂನ್ 15. ಕೋರ್ಟ್‌ಹೌಸ್ ಮುಂದಿನ ಹುಲ್ಲುಹಾಸಿನ ಕೆಳಗೆ ಕಾಂಕ್ರೀಟ್ ಗುಂಡಿ. ಶೀತಲ ಸಮರದ ಕಾಲ ನೋಡಿ, ಅಣುಬಾಂಬ್ ಬಿದ್ರೂ ತಡ್ಕೊಳ್ಳತ್ತೆ ಅಂತ ಪ್ರಚಾರ. ಕಾರಿಗೆ ತುಕ್ಕು ತಡೆಯೋ ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ ಕೆಳಗಿಳಿಸಿದ್ರು. ಜೊತೆಗೆ 10 ಗ್ಯಾಲನ್ ಪೆಟ್ರೋಲು ಮತ್ತು ಆಯಿಲು. 2007ಕ್ಕೆ ಪೆಟ್ರೋಲ್ ಅನ್ನೋದೇ ಇರಲ್ವೇನೋ ಅನ್ನೋ ಅನುಮಾನ! ಒಂದು ಕೇಸ್ ಬಿಯರ್ ಕೂಡ ಇಟ್ರು. ಗ್ಲವ್ ಬಾಕ್ಸಲ್ಲಿ, ಆ ಕಾಲದ ಹೆಂಗಸರ ವ್ಯಾನಿಟಿ ಬ್ಯಾಗಲ್ಲಿ ಇರ್ತಿದ್ದ ಸಾಮಾನು: ಹೇರ್‌ಪಿನ್, ಲಿಪ್‌ಸ್ಟಿಕ್, ಚೂಯಿಂಗ್ ಗಮ್, ಸಿಗರೇಟು, ದಂಡ ಕಟ್ಟದೇ ಉಳಿಸ್ಕೊಂಡ ಒಂದು ಪಾರ್ಕಿಂಗ್ ಟಿಕೆಟ್. ಇದನ್ನ ಪ್ಲಾನ್ ಮಾಡಿದವರಿಗೆ ನನ್ನ ನಮಸ್ಕಾರ.

ಒಂದು ಸ್ಪರ್ಧೆನೂ ಇತ್ತು. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರತ್ತೆ ಅಂತ ಅತಿ ಹತ್ತಿರದ ಊಹೆ ಹೇಳಿದವರಿಗೆ ಕಾರು, ಜೊತೆಗೆ 100 ಡಾಲರ್ ಇಟ್ಟ ಉಳಿತಾಯ ಖಾತೆ.

3/7
2007ರ ಜೂನ್. ಗುಂಡಿಯ ಮುಚ್ಚಳ ತೆಗೆದ್ರೆ ಒಳಗೆ ನೀರು, ಸುಮಾರು ನಾಲ್ಕು ಅಡಿ. ಅಣುಬಾಂಬ್ ತಡೆಯೋ ಗುಂಡಿ ಸೋರಿಕೆ ತಡೆದಿರಲಿಲ್ಲ.

ಆದ್ರೂ ಕಾರ್ಯಕ್ರಮ ನಿಲ್ಲಿಸ್ಲಿಲ್ಲ. ಜೂನ್ 15ರ ಸಂಜೆ ಸಭಾಂಗಣ ತುಂಬ ಜನ. ಟಿವಿಯಲ್ಲಿ ಹೆಸರು ಮಾಡಿದ್ದ ಕಾರ್ ಬಿಲ್ಡರ್ ಬಾಯ್ಡ್ ಕಾಡಿಂಗ್ಟನ್, ಗಾಡಿ ಸ್ಟಾರ್ಟ್ ಮಾಡೋ ಆಸೆಯಿಂದ ಬಂದಿದ್ರು. ಪ್ಲಾಸ್ಟಿಕ್ ಬಿಚ್ಚಿದ್ರೆ ಮೊದಲ ಫೋಟೋದಲ್ಲಿರೋ ದೃಶ್ಯ. ಎಂಜಿನ್ ಜಾಮ್. ಸೀಟುಗಳು ಕೊಳೆತು ಕೂತಿದ್ವು. ಎರಡನೇ ಫೋಟೋ ಕೂಡ ನೋಡಿ: ಕಾರಿನ ಪಕ್ಕದಲ್ಲೇ ಹೂತಿದ್ದ ಸೀಲ್ ಮಾಡಿದ ಉಕ್ಕಿನ ಡಬ್ಬಿ. ಅದಕ್ಕೆ ಏನೂ ಆಗಿರ್ಲಿಲ್ಲ. ಒಳಗೆ 48 ನಕ್ಷತ್ರದ ಅಮೆರಿಕದ ಬಾವುಟ, ಪತ್ರಗಳು, ಸ್ಪರ್ಧೆಯ ಊಹೆಗಳು, ಎಲ್ಲ ಒಣಗಿದ ಸ್ಥಿತೀಲಿ. ಅದೇ ಗುಂಡಿ, ಅದೇ ನೀರು. ಒಂದನ್ನ ಬೆಸುಗೆ ಹಾಕಿ ಮುಚ್ಚಿದ್ರು, ಇನ್ನೊಂದಕ್ಕೆ ಪ್ಲಾಸ್ಟಿಕ್ ಸುತ್ತಿದ್ರು. ಪ್ಲಾಸ್ಟಿಕ್ ಒಳಗೆ ನೀರು ಹೋದ್ರೆ ಸುಲಭಕ್ಕೆ ಆಚೆ ಬರಲ್ಲ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕಿದ್ರೆ ಅದರ ಕಥೆ ಮುಗೀತು.

ಗೆದ್ದವರ ಊಹೆ 3,84,743. ನಿಜವಾದ ಸಂಖ್ಯೆ 3,82,457. ಎಷ್ಟು ಹತ್ತಿರ ನೋಡಿ! ಆದ್ರೆ ಆ ಮನುಷ್ಯ 1979ರಲ್ಲೇ ತೀರಿಕೊಂಡಿದ್ರು, ಹೆಂಡತಿಯೂ ಇರ್ಲಿಲ್ಲ, ಮಕ್ಕಳಿರ್ಲಿಲ್ಲ. ಕಾರು ಹೋಗಿದ್ದು ಅವರ ಅಕ್ಕತಂಗಿಯರಿಗೆ. ಅವರಿಗೆ ಆಗ್ಲೇ 80, 90ರ ಆಸುಪಾಸು ವಯಸ್ಸು. ಅಂದ್ರೆ ಈ ‘ರಿಸ್ಟೋರ್ ಮಾಡ್ಬೇಕಾ’ ಅನ್ನೋ ಪ್ರಶ್ನೆ ನಿಜವಾಗಿ ಬಿದ್ದಿದ್ದು ಆ ಅಜ್ಜಿಯರ ಮೇಲೆ. ಕಾಮೆಂಟ್ ಹಾಕೋ ನಮ್ಮ ಮೇಲೆ ಅಲ್ಲ.

4/7
ಈಗ ಲೆಕ್ಕಕ್ಕೆ ಬರೋಣ. ಬಿಕಾಂ ಓದ್ತಿರೋದಕ್ಕೆ ಇಷ್ಟಾದ್ರೂ ಉಪಯೋಗ ಬೇಡ್ವಾ?

ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಬರತ್ತಲ್ಲ, ಈಗಾಗ್ಲೇ ಮುಳುಗಿದ ದುಡ್ಡು. ಮುಂದಿನ ನಿರ್ಧಾರಕ್ಕೆ ಅದನ್ನ ತರಬಾರದು. (ಇಲ್ಲಿ ಅಕ್ಷರಶಃ ಮುಳುಗಿತ್ತು, ಆ ಮಾತು ಬೇರೆ.) 50 ವರ್ಷ ಕಾದಿದ್ದೀವಿ, ಇಷ್ಟೆಲ್ಲ ಮಾಡಿದ್ದೀವಿ, ಹಾಗಾಗಿ ರಿಪೇರಿ ಮಾಡ್ಲೇಬೇಕು ಅನ್ನೋದು ಅದೇ ತಪ್ಪು. ಕೇಳ್ಬೇಕಾಗಿರೋದು: ಇವತ್ತಿಂದ ಹಾಕೋ ಪ್ರತಿ ರೂಪಾಯಿಗೆ ಏನು ಸಿಗತ್ತೆ?

ಹಳೇ ಗಾಡಿ ನೋಡೋ ಯಾವ ಮೇಸ್ತ್ರಿನಾದ್ರೂ ಕೇಳಿ, ಪೇಂಟ್ ಬಗ್ಗೆ ಮೊದ್ಲು ಮಾತಾಡಲ್ಲ. ಗಾಡಿ ಕೆಳಗೆ ಬಗ್ಗಿ ಚಾಸಿ ನೋಡ್ತಾರೆ, ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡ್ತಾರೆ. ಎಂಜಿನ್ ಬೇರೆ ತರಬಹುದು, ಸೀಟು ಹೊಲಿಸಬಹುದು, ಬಾಗಿಲಿಗೆ ಟಿಂಕರಿಂಗ್ ಮಾಡಿಸಬಹುದು. ಚಾಸಿಗೆ ವೆಲ್ಡಿಂಗ್ ಹಿಡೀಬೇಕು ಅಂದ್ರೆ ಅಲ್ಲಿ ಗಟ್ಟಿ ಕಬ್ಬಿಣ ಉಳಿದಿರ್ಬೇಕು. ತುಕ್ಕು ತಿಂದು ಹಪ್ಪಳ ಆಗಿರೋ ತಗಡಿಗೆ ವೆಲ್ಡಿಂಗ್ ಇಟ್ರೆ ತೂತು ದೊಡ್ಡದಾಗತ್ತೆ ಅಷ್ಟೇ.

ಬೆಲ್ವೆಡೇರ್ ಸ್ಥಿತಿ ಅದೇ ಆಗಿತ್ತು. ಓಡೋ ಹಾಗೆ ಮಾಡ್ಬೇಕು ಅಂದ್ರೆ ಚಾಸಿ, ಫ್ಲೋರು, ಸಸ್ಪೆನ್ಷನ್, ಎಂಜಿನ್, ವೈರಿಂಗ್, ಒಳಗಿನ ಸೀಟು-ಬಟ್ಟೆ ಎಲ್ಲ ಬೇರೆ ಕಡೆಯಿಂದ. ಇನ್ನು ಉಳಿಯೋದೇನು? ನಂಬರ್ ಪ್ಲೇಟಾ? ಪ್ಲಿಮತ್ ಅಪರೂಪದ ಗಾಡಿ ಆಗಿದ್ರೆ ಬೇರೆ ಮಾತು. ಇದು ಆ ಕಾಲದ ಸಾಮಾನ್ಯ ಸಂಸಾರಸ್ಥರ ಕಾರು, ಚೆನ್ನಾಗಿರೋ 1957ರ ಬೆಲ್ವೆಡೇರ್ ಹುಡುಕಿದ್ರೆ ಇವತ್ತೂ ಅಮೆರಿಕದಲ್ಲಿ ಸಿಗತ್ತೆ. ಅಷ್ಟೆಲ್ಲ ಸುರಿದು ಕೊನೆಗೆ ಕೈಗೆ ಬರೋದು, ಮೊದ್ಲೇ ಎಷ್ಟೋ ಜನರ ಹತ್ರ ಇರೋ ಥರದ್ದೇ ಇನ್ನೊಂದು ಕಾರು.

(ಸಿನಿಮಾ ನೋಡೋರಿಗೆ: 1983ರ ‘ಕ್ರಿಸ್ಟೀನ್’ ಚಿತ್ರದಲ್ಲಿ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳೋ ದೆವ್ವದ ಕಾರು ಇದೇ ಮನೆತನದ್ದು, 1958ರ ಪ್ಲಿಮತ್ ಫ್ಯೂರಿ. ನಮ್ಮದಕ್ಕೆ ಆ ವರ ಇರ್ಲಿಲ್ಲ.)

5/7
‘ಹಾಳಾದ ಕಾರಿಗೆ ಬೆಲೆ ಎಲ್ಲಿಂದ ಬರತ್ತೆ’ ಅಂತ ಒಬ್ರು ಕೇಳಿದ್ರಿ. ಅದಕ್ಕೆ ಟಲ್ಸಾದಿಂದ ಸ್ವಿಟ್ಜರ್ಲೆಂಡ್‌ಗೆ ಹೋಗ್ಬೇಕು. ಮೂರನೇ ಫೋಟೋ.

ಇದು 1925ರ ಬುಗಾಟಿ ಬ್ರೆಷಾ. ಮಜ್ಜೋರೆ ಸರೋವರದ ತಳದಲ್ಲಿ, 50 ಮೀಟರ್‌ಗಿಂತ ಆಳದಲ್ಲಿ, 70 ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ಅದು ನೀರಿಗೆ ಬಿದ್ದಿದ್ದು ಹೇಗೆ ಅನ್ನೋದಕ್ಕೆ ಕಸ್ಟಮ್ಸ್ ಸುಂಕ ಕಟ್ಟದ ಕಥೆ, ಇಸ್ಪೀಟಲ್ಲಿ ಸೋತ ಕಥೆ ಎಲ್ಲ ಓಡಾಡ್ತವೆ. 1967ರಲ್ಲಿ ಒಬ್ಬ ಡೈವರ್‌ಗೆ ಕಂಡಮೇಲೆ ಅದು ಅಲ್ಲಿನ ಡೈವರ್‌ಗಳಿಗೆಲ್ಲ ನೀರೊಳಗಿನ ಪ್ರವಾಸಿ ತಾಣ ಆಯ್ತು. ಮೇಲೆತ್ತೋ ಯೋಚನೆ ಯಾರಿಗೂ ಅಷ್ಟಾಗಿ ಇರ್ಲಿಲ್ಲ.

2008ರಲ್ಲಿ ಅಸ್ಕೋನಾ ಊರಿನ ಡೈವಿಂಗ್ ಕ್ಲಬ್‌ಗೆ ಹತ್ತಿರದವನಾಗಿದ್ದ ಒಬ್ಬ ಹುಡುಗನನ್ನ, ಲೊಕಾರ್ನೋ ಕಾರ್ನಿವಲ್ ರಾತ್ರಿ ಕೆಲ ಯುವಕರು ಹೊಡೆದು ಕೊಂದ್ರು. ಹುಡುಗರ ಹಿಂಸೆ ವಿರುದ್ಧ ಕೆಲಸ ಮಾಡೋಕೆ ಅವನ ಹೆಸರಲ್ಲಿ ಒಂದು ಪ್ರತಿಷ್ಠಾನ ಆಯ್ತು. ಅದಕ್ಕೆ ದುಡ್ಡು ಸೇರಿಸೋಕೆ ಕ್ಲಬ್‌ನವರು ತಮ್ಮ ಬುಗಾಟಿಯನ್ನೇ ಎತ್ತಿ ಮಾರೋಣ ಅಂದ್ರು. 2009ರ ಜುಲೈ 12ರಂದು, ದಡದಲ್ಲಿ ಜನ ನೋಡ್ತಿದ್ದ ಹಾಗೇ ಅದು ನೀರಿಂದ ಮೇಲೆ ಬಂತು. ಕೆಸರಲ್ಲಿ ಹೂತಿದ್ದ ಬದಿ ಎಷ್ಟೋ ಉಳಿದಿತ್ತು, ಅಲ್ಲಿ ಆಮ್ಲಜನಕ ಕಮ್ಮಿ. ನೀರಿಗೆ ತೆರೆದಿದ್ದ ಬದಿ ಜಾಲರಿ ಥರ ಆಗಿತ್ತು.

2010ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಬಾನಮ್ಸ್ ಹರಾಜು ಹಾಕ್ತು. ಹೋಗಿದ್ದು 2,60,500 ಯೂರೋಗೆ. ಕೊಂಡಿದ್ದು ಕ್ಯಾಲಿಫೋರ್ನಿಯಾದ ಪೀಟರ್ ಮಲ್ಲಿನ್, ಬುಗಾಟಿಗಳ ದೊಡ್ಡ ಸಂಗ್ರಹಕಾರ. ರಿಸ್ಟೋರ್ ಮಾಡಿಸೋ ದುಡ್ಡು, ಕುಶಲಕರ್ಮಿಗಳು ಎರಡೂ ಇದ್ದ ಮನುಷ್ಯ. ಮಾಡಿಸ್ಲಿಲ್ಲ. ಸರೋವರದಿಂದ ಬಂದ ಹಾಗೇ ತಮ್ಮ ಮ್ಯೂಸಿಯಂನಲ್ಲಿ ಇಟ್ರು. ಸುತ್ತ ಮುಖ ಕಾಣೋ ಹಾಗೆ ಹೊಳೆಯೋ ಕಾರುಗಳು, ಮಧ್ಯೆ ಇದು. ನನಗೆ ಕೇಳಿದ್ರೆ ಅವರು ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಆ ತುಕ್ಕಿಗೇ ಸೇರ್ಬೇಕು. ನಮ್ಮ ಸಿಲಬಸ್ ಪ್ರಕಾರ ಪೂರ್ತಿ ಡಿಪ್ರಿಸಿಯೇಟ್ ಆದ ಆಸ್ತಿ, ಗುಜರಿ ಬೆಲೆ ಅಷ್ಟೇ. ಬುಕ್ ವ್ಯಾಲ್ಯೂಗೂ ಜನ ಕೊಡೋ ಬೆಲೆಗೂ ಇಷ್ಟು ಅಂತರ ಇರೋ ಉದಾಹರಣೆ ಟೆಕ್ಸ್ಟ್‌ಬುಕ್ಕಲ್ಲಿ ಯಾಕೆ ಹಾಕಲ್ವೋ.

6/7
ಹಾಗಂತ ಎಲ್ಲವನ್ನೂ ಹಾಗೇ ಬಿಡಿ ಅಂತ ನಾನು ಹೇಳ್ತಿಲ್ಲ. 2023ರ ಆಗಸ್ಟ್‌ನಲ್ಲಿ ಒಂದು ಫೆರಾರಿ 500 ಮೊಂಡಿಯಾಲ್ ಮಾರಾಟ ಆಯ್ತು (ನಾಲ್ಕನೇ ಫೋಟೋ, ಕಾರು ಎಲ್ಲಿದೆ ಅಂತ ಹುಡುಕಿ). 1954ರ ಮಿಲ್ಲೆ ಮಿಲ್ಯಾ ರೇಸ್ ಓಡಿದ ಗಾಡಿ, ಆಮೇಲೆ ಅಪಘಾತ, ಬೆಂಕಿ. ಉಳಿದಿದ್ದು ಸುಕ್ಕುಗಟ್ಟಿದ ತಗಡು. 18,75,000 ಡಾಲರ್. ಅಲ್ಲಿ ಕೊಳ್ಳೋರು ಕೊಂಡಿದ್ದು ಚಾಸಿ ನಂಬರನ್ನ, ಆ ಗುರುತನ್ನ. ಅಂಥ ಗಾಡಿ ಬೆರಳೆಣಿಕೆಯಷ್ಟಿವೆ, ಅದನ್ನ ಮತ್ತೆ ಕಟ್ಟಿದ್ರೆ ಲೆಕ್ಕ ಕೂಡಿಬರತ್ತೆ.

ಊರ ತೇರಿಗೆ ಚಕ್ರ ಹೊಸದು ಹಾಕ್ತಾರೆ, ಅಚ್ಚು ಬದಲಾಯಿಸ್ತಾರೆ, ಆದ್ರೂ ಅದು ಅದೇ ತೇರು. ಯಾಕಂದ್ರೆ ಅದನ್ನ ಎಳೀಬೇಕು, ಅದು ಇರೋದೇ ಅದಕ್ಕೆ. ರೇಸ್ ಕಾರೂ ಹಾಗೇ, ಓಡೋಕೇ ಹುಟ್ಟಿದ್ದು. ಆದ್ರೆ ಟಲ್ಸಾ ಕಾರು ಹೆಸರು ಮಾಡಿದ್ದು ಓಡಿ ಅಲ್ಲ, ಹೂತುಹೋಗಿ. ಅದರ ತುಕ್ಕು ಕಿತ್ತು ಹೊಸ ಬಣ್ಣ ಹೊಡೆದ್ರೆ, ಜಗತ್ತಲ್ಲಿ ಇನ್ಯಾವ ಪ್ಲಿಮತ್‌ಗೂ ಇಲ್ಲದ ಒಂದೇ ಒಂದು ವಿಷಯವನ್ನ ನಾವೇ ಅಳಿಸಿದ ಹಾಗೆ.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಚಾರ್ಟರ್ ಕೂಡ ಇದೇ ದಿಕ್ಕಲ್ಲಿದೆ: ಕಾಪಾಡೋದು ಬೇರೆ, ಹೊಸದು ಮಾಡೋದು ಬೇರೆ, ಹೊಸ ಭಾಗ ಹಾಕಿದ್ರೆ ಅದು ಹೊಸದು ಅಂತ ಗೊತ್ತಾಗ್ಬೇಕು. ಕದ್ದುಮುಚ್ಚಿ ಹೊಸದನ್ನ ಹಳೇದು ಅನ್ನಬಾರದು.

7/7
ಕೊನೆಗೆ ಆಗಿದ್ದೇನು ಅಂದ್ರೆ, ಅಜ್ಜಿಯರ ಕುಟುಂಬ ಕಾರನ್ನ ನ್ಯೂಜೆರ್ಸಿಯಲ್ಲಿ ತುಕ್ಕು ತೆಗೆಯೋ ದ್ರಾವಣ ಮಾಡೋ ಒಂದು ಕಂಪನಿಗೆ ಕಳಿಸ್ತು. ಅವರು ವರ್ಷಗಟ್ಟಲೆ ಕೂತು ಕೆಸರು, ಮೇಲಿನ ತುಕ್ಕಿನ ಪದರ ತೆಗೆದ್ರು. ಕೆಳಗಿಂದ ಅಲ್ಲಲ್ಲಿ ಆ ಬಂಗಾರ-ಬಿಳಿ ಬಣ್ಣ ಮತ್ತೆ ಇಣುಕಿತು (ಐದನೇ ಫೋಟೋ, ನನ್ನ ಫೇವರಿಟ್). ಪೂರ್ತಿ ರಿಸ್ಟೋರೇಷನ್‌ಗೆ ಲೋಹದಲ್ಲಿ ತ್ರಾಣ ಇಲ್ಲ ಅಂತ ಅಲ್ಲಿಗೇ ನಿಲ್ಲಿಸಿದ್ರು. ನಿಲ್ಲಿಸಿದ ಜಾಗ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ. ಕೆಸರು ತೆಗೆಯದೇ ಇದ್ರೆ ಅದು ಕಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ರೆ ಸುಳ್ಳು ಶುರುವಾಗ್ತಿತ್ತು. 2017ರಿಂದ ಕಾರು ಇಲಿನಾಯ್ ರಾಜ್ಯದ ರಾಸ್ಕೋ ಅನ್ನೋ ಊರಿನ ಮ್ಯೂಸಿಯಂನಲ್ಲಿದೆ. ನನಗೆ ಬೇಜಾರು ಅನ್ಸೋದು ಒಂದೇ, ಅದು ಟಲ್ಸಾದಲ್ಲಿ ಇರ್ಬೇಕಿತ್ತು.

ಆದ್ರೆ ಟಲ್ಸಾ ಹತ್ರ ಇನ್ನೊಂದಿದೆ. 1998ರಲ್ಲಿ ಅವರು ಇನ್ನೊಂದು ಪ್ಲಿಮತ್‌ನ, ಪ್ರೌಲರ್ ಅನ್ನೋ ಮಾಡೆಲ್‌ನ, ಒಂದು ಪಾರ್ಕಲ್ಲಿ ಮುಚ್ಚಿಟ್ಟಿದ್ದಾರೆ. ಈ ಸಲ ನೆಲದ ಕೆಳಗಲ್ಲ, ಮೇಲೆ ಕಟ್ಟಿದ ಕೋಣೆಯಲ್ಲಿ. ತೆಗೆಯೋದು 2048ಕ್ಕೆ. ಪ್ಲಿಮತ್ ಕಂಪನಿ 2001ರಲ್ಲೇ ಮುಚ್ಚಿಹೋಗಿದೆ. ನಮ್ಮ ಬ್ಯಾಚಿಗೆ ಆಗ ನಲವತ್ತು ದಾಟಿರತ್ತೆ, ಯಾರಿಗಾದ್ರೂ ಈ ಪೋಸ್ಟ್ ನೆನಪಿದ್ರೆ ಟ್ಯಾಗ್ ಮಾಡ್ರಪ್ಪ.

#ಕಾರ್‌ಕಥೆ #ಹಳೇಗಾಡಿ #ಇತಿಹಾಸಕನ್ನಡದಲ್ಲಿ